ಗುರುಪುರದ ಗೋಡೆಯ ಮೇಲಿನ ಹುಡುಗ ಯಾರು?

ಹುಣಸೂರಿಗೆ ಬರುವ ಬಸ್ಸು ಗುರುಪುರದಲ್ಲಿ ನಿಂತಿತ್ತು. ನನ್ನ ಪಕ್ಕದ ಸೀಟಿನಲ್ಲಿ ಹಿರಿಯರೊಬ್ಬರು. ನೋಡಿದರೆ ವ್ಯಾಪಾರಸ್ಥರು. ಕಾಲ ಸಂದಿಯಲ್ಲಿ ಎರಡು ಚೀಲ, ಜೇಬಿನಲ್ಲಿ ಲೆಕ್ಕದ ಪುಸ್ತಕ. ಕಿಟಕಿಯಾಚೆ ಕೈ ತೋರಿಸಿ ಕೇಳಿದರು:

"ಸ್ವಾಮಿ, ಈ ಕ್ಯಾಂಪಿನೋರ ಅಂಗಡೀಲಿ ಒಂದು ಮಗೀನ ಫೋಟೋ ಹಾಕಿರ್ತಾರಲ್ಲ, ಯಾರ ಮಗ ಅದು? ಪಾಪ, ತೀರಿಹೋಯ್ತೇನೋ. ಬಿಳೀ ಬಟ್ಟೆ ಬೇರೆ ಹಾಕವ್ರೆ."

ಪ್ರಶ್ನೆ ಸಣ್ಣದು. ಉತ್ತರ ಮಾತ್ರ ಹುಣಸೂರು ಬಸ್ ಸ್ಟ್ಯಾಂಡು ಬರುವಷ್ಟರಲ್ಲಿ ಮುಗಿಯುವಂಥದ್ದಲ್ಲ. ಅವರಿಗೆ ಹೇಳಿದ್ದು ಅರ್ಧ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಆ ಹಿರಿಯರಂತೆಯೇ ದಿನಾ ಈ ದಾರಿಯಲ್ಲಿ ಓಡಾಡುವ, ಕ್ಯಾಂಪಿನವರ ಜೊತೆ ಕೊಡು-ಕೊಳ್ಳುವ ವ್ಯವಹಾರ ಇಟ್ಟುಕೊಂಡಿರುವ ಎಷ್ಟೋ ಮಂದಿಯ ಕಣ್ಣಿಗೆ ಆ ಫೋಟೋ ಬಿದ್ದಿದೆ. ಕೇಳಲು ಸಂಕೋಚ. ಸತ್ತ ಮಗುವಿನ ವಿಷಯ ಎತ್ತಿ ಯಾಕೆ ನೋಯಿಸುವುದು ಎಂದು ಸುಮ್ಮನಿದ್ದಾರೆ.

ಅವರದೇನೂ ತಪ್ಪಲ್ಲ. ನಮ್ಮ ಮನೆಯ ಗೋಡೆಗಳಿಗೆ ಒಂದು ಅಲಿಖಿತ ಕಾನೂನಿದೆ. ಫೋಟೋಗೆ ಹಾರ ಬಿತ್ತೆಂದರೆ ಮನುಷ್ಯ ಹೋದ ಎಂದರ್ಥ. ಗಂಧದ ಹಾರ, ಹಣೆಯ ಜಾಗದಲ್ಲಿ ಗಾಜಿನ ಮೇಲೊಂದು ಕುಂಕುಮದ ಬೊಟ್ಟು, ಕೆಳಗೆ ಸಣ್ಣ ಕೆಂಪು ಬಲ್ಬು. ಹೊಸದಾಗಿ ಬಂದ ನೆಂಟರೂ ಒಂದು ನೋಟದಲ್ಲಿ ತಿಳಿದುಕೊಳ್ಳುತ್ತಾರೆ. ಬದುಕಿರುವವರ ಫೋಟೋಗೆ ಗೊತ್ತಿಲ್ಲದೆ ಯಾರಾದರೂ ಹಾರ ಹಾಕಿದರೋ, ಮನೆಯ ಹಿರಿಯರಿಂದ ಬೈಸಿಕೊಂಡೇ ತೀರಬೇಕು.

ಟಿಬೆಟಿಯನ್ನರ ಕಾನೂನು ಬೇರೆ. ಆ ಬಿಳೀ ಬಟ್ಟೆಗೆ ಅವರು ಖಾತಾ ಎನ್ನುತ್ತಾರೆ. ನಮ್ಮ ತಾಲ್ಲೂಕು ಕಚೇರಿಯ ಖಾತೆಗೂ ಅದಕ್ಕೂ ಸಂಬಂಧವಿಲ್ಲ! ಅದು ಗೌರವದ ವಸ್ತ್ರ. ಮನೆಗೆ ಅತಿಥಿ ಬಂದರೆ ಖಾತಾ, ಮದುವೆಗೆ ಖಾತಾ, ಗುರುಗಳ ದರ್ಶನಕ್ಕೆ ಖಾತಾ, ಊರಿಗೆ ಹೊರಟವರಿಗೂ ಖಾತಾ. ನಾವು ಶಾಲು ಹೊದಿಸುವ ಹಾಗೆ ಎಂದಿಟ್ಟುಕೊಳ್ಳಿ. ಅಂತ್ಯಸಂಸ್ಕಾರಕ್ಕೂ ಅದನ್ನು ಅರ್ಪಿಸುವುದುಂಟು, ಹಾಗೆಂದು ಫೋಟೋ ಮೇಲೆ ಖಾತಾ ಇದ್ದಮಾತ್ರಕ್ಕೆ ಸಾವಿನ ಸುದ್ದಿ ಅಲ್ಲ. ಅದೇ ಗೋಡೆಯ ಮೇಲೆ ದಲೈ ಲಾಮಾ ಅವರ ಫೋಟೋಗೂ ಖಾತಾ ಹಾಕಿರುತ್ತಾರೆ. ಅವರು 2025ರ ಜುಲೈ 6ರಂದು ತೊಂಬತ್ತು ತುಂಬಿಸಿಕೊಂಡವರು.

ಹಾಗಾದರೆ ಆ ಮಗು ಯಾರು? ಹೆಸರು ಗೆಧುನ್ ಚೋಕಿ ನ್ಯಿಮಾ. ಹುಟ್ಟಿದ್ದು 1989ರ ಏಪ್ರಿಲ್ 25ರಂದು, ಟಿಬೆಟ್ಟಿನ ಲಾರಿ ಎಂಬ ಪ್ರಾಂತದಲ್ಲಿ. ದಲೈ ಲಾಮಾ ಅವರು 1995ರ ಮೇ 14ರಂದು ಈ ಹುಡುಗನನ್ನು ಹನ್ನೊಂದನೇ ಪಂಚೆನ್ ಲಾಮಾ ಎಂದು ಸಾರಿದರು. ಮೂರೇ ದಿನ. ಮೇ 17ರಂದು ಹುಡುಗನನ್ನೂ ಅವನ ತಂದೆ ತಾಯಿಯನ್ನೂ ಚೀನಾದ ಅಧಿಕಾರಿಗಳು ಕರೆದೊಯ್ದರು. ಆಗ ಅವನಿಗೆ ಆರು ವರ್ಷ. ಅಲ್ಲಿಂದೀಚೆಗೆ ಹೊರಗಿನವರು ಯಾರೂ ಅವನನ್ನು ಕಂಡಿಲ್ಲ.

ಅಂಗಡಿಯಲ್ಲಿ, ಮಠದಲ್ಲಿ, ಊಟದ ಮನೆಯ ಗಲ್ಲಾಪೆಟ್ಟಿಗೆಯ ಮೇಲೆ ನೀವು ಕಾಣುವುದು ಅದಕ್ಕಿಂತ ಮುಂಚಿನ ಫೋಟೋ. ಮೂವತ್ತು ವರ್ಷಗಳಿಂದ ಜಗತ್ತಿನಲ್ಲೆಲ್ಲ ಓಡಾಡುತ್ತಿರುವುದು ಆ ಒಂದೇ ಮುಖ.

ಕೆನ್ನೆಯ ಕೆಂಪು ಬಣ್ಣವಲ್ಲ

ಫೋಟೋವನ್ನೇ ಸರಿಯಾಗಿ ನೋಡೋಣ. ದುಂಡು ಮುಖ. ಗಿಡ್ಡ ಕೂದಲು. ನಗು ಅನ್ನುವಂಥದ್ದು ಇಲ್ಲ. ಕಿರೀಟ ಇಲ್ಲ, ಸಿಂಹಾಸನ ಇಲ್ಲ. ಯಾರದಾದರೂ ಮನೆಯ ಮಗು ಎಂದರೆ ನಂಬಬೇಕು. ಎದ್ದು ಕಾಣುವುದು ಕೆನ್ನೆ. ಕೆಂಪಗೆ, ಯಾರೋ ಬಣ್ಣ ಹಚ್ಚಿದಂತೆ.

ನಮ್ಮ ಕಡೆಯ ಹಳೆಯ ಸ್ಟುಡಿಯೋ ಫೋಟೋ ನೋಡಿ ಅಭ್ಯಾಸವಿರುವವರು ಅದನ್ನು ಬಣ್ಣವೆಂದೇ ತಿಳಿಯುತ್ತಾರೆ. ಕಲರ್ ಫಿಲ್ಮು ಬರುವುದಕ್ಕೆ ಮುಂಚೆ ಕಪ್ಪು-ಬಿಳುಪು ಪ್ರಿಂಟಿನ ಮೇಲೆ ಸ್ಟುಡಿಯೋದವರು ಕುಂಚ ಹಿಡಿದು ಕೈಯಿಂದಲೇ ಬಣ್ಣ ಹಚ್ಚುತ್ತಿದ್ದರು. ತುಟಿಗೆ ಒಂದಿಷ್ಟು, ಕೆನ್ನೆಗೆ ಒಂದಿಷ್ಟು, ಲಂಗದ ಅಂಚಿಗೆ ಹಸಿರೋ ಹಳದಿಯೋ. ಕಪ್ಪಗಿದ್ದ ಮಗುವೂ ಮನೆಗೆ ಬರುವಾಗ ಗುಲಾಬಿ ಕೆನ್ನೆ ಪಡೆದು ಬರುತ್ತಿತ್ತು. ಈ ಹುಡುಗನ ಕೆನ್ನೆ ಅಂಥದ್ದಲ್ಲ. ಅವನು ಹುಟ್ಟಿದ ಸೀಮೆ ಸಮುದ್ರಮಟ್ಟದಿಂದ ನಾಲ್ಕು ಸಾವಿರ ಮೀಟರಿಗೂ ಮೇಲಿದೆ. ನಮ್ಮ ಮೈಸೂರು ಎಂಟುನೂರು ಮೀಟರನ್ನೂ ಮುಟ್ಟುವುದಿಲ್ಲ. ಅಷ್ಟು ಎತ್ತರದ ಒಣ ಚಳಿಗಾಳಿ, ಚುರುಗುಟ್ಟುವ ಬಿಸಿಲು ಎರಡೂ ಸೇರಿ ಮಕ್ಕಳ ಕೆನ್ನೆಯನ್ನು ಹಾಗೆ ಸುಡುತ್ತವೆ. ಕ್ಯಾಂಪಿನ ಹಳಬರು ಆ ಕೆನ್ನೆ ನೋಡಿಯೇ ಊರಿನ ನೆನಪು ಮಾಡಿಕೊಂಡರೆ ಆಶ್ಚರ್ಯವಿಲ್ಲ. ಇಲ್ಲೇ ಗುರುಪುರದಲ್ಲೋ ಬೈಲಕುಪ್ಪೆಯಲ್ಲೋ ಹುಟ್ಟಿ, ಮುಸುಕಿನ ಜೋಳದ ಹೊಲದ ಬದುವಿನಲ್ಲಿ ಆಡಿ ಬೆಳೆದ ಅವರ ಮೊಮ್ಮಕ್ಕಳ ಕೆನ್ನೆಯಲ್ಲಿ ಆ ಕೆಂಪು ಇಲ್ಲ.

ಮಕ್ಕಳ ಹಳೆಯ ಫೋಟೋ ಓದುವುದರಲ್ಲಿ ನಾವು ಎಡವುವುದು ಇದೇ ಮೊದಲೇನಲ್ಲ ಬಿಡಿ. ಮೊಗ್ಗಿನ ಜಡೆಯ ಫೋಟೋ ಯಾರ ಮನೆಯಲ್ಲಿಲ್ಲ? ಮಗುವನ್ನು ಕನ್ನಡಿಗೆ ಬೆನ್ನು ಮಾಡಿ ಕೂರಿಸಿ, ಮುಖ ಇತ್ತ, ಜಡೆ ಕನ್ನಡಿಯಲ್ಲಿ ಅತ್ತ ಕಾಣುವಂತೆ ತೆಗೆಯುತ್ತಿದ್ದದ್ದು. ಅದನ್ನು ನೋಡಿ "ಈ ಹುಡುಗಿ ಯಾರು?" ಎಂದು ಕೇಳಿದರೆ, ಒಳಗಿನಿಂದ ಅಜ್ಜಿ "ಹುಡುಗಿಯೆಲ್ಲಿ ಬಂತು, ನಿಮ್ಮ ದೊಡ್ಡಪ್ಪ ಕಣೋ ಅದು" ಎಂದು ನಗುತ್ತಾರೆ. ಮುಡಿ ಕೊಡುವ ಮುನ್ನ ಗಂಡುಮಕ್ಕಳಿಗೂ ಜಡೆ ಹೆಣೆದು, ಹೂ ಮುಡಿಸಿ, ಲಂಗ ತೊಡಿಸಿ ಫೋಟೋ ತೆಗೆಸುವುದು ಎಷ್ಟೋ ಮನೆಗಳ ರೂಢಿ. ಕೃಷ್ಣನ ವೇಷ ಹಾಕಿದ ಹೆಣ್ಣುಮಕ್ಕಳೂ ಅಷ್ಟೇ. ನವಿಲುಗರಿ ನೋಡಿ ಗಂಡೆಂದು ಲೆಕ್ಕ ಹಾಕಿದರೆ ಕೆಟ್ಟಿರಿ.

ಅಜ್ಜಿ ಇರುವವರೆಗೆ ಇದೆಲ್ಲ ಸರಿಹೋಗುತ್ತದೆ. ಹೆಸರು ಹೇಳುವವರು ಹೋದಮೇಲೆ ಫೋಟೋ ಅಟ್ಟ ಸೇರುತ್ತದೆ. ಗುರುಪುರದ ಗೋಡೆಯ ಫೋಟೋದ ಪಾಡು ಇದಕ್ಕೆ ತಿರುಗುಮುರುಗು. ಹೆಸರು ಕ್ಯಾಂಪಿನ ಸಣ್ಣ ಮಕ್ಕಳಿಗೂ ಬಾಯಿಪಾಠ. ಫೋಟೋದೊಳಗಿನ ಹುಡುಗ ಮುಂದೆ ಏನಾದ ಎಂದು ಕೇಳಿದರೆ ಹೇಳುವವರಿಲ್ಲ.

ಅಷ್ಟಕ್ಕೂ ಈ ಹುಡುಗನಿಗೆ ಇಷ್ಟು ಮಹತ್ವ ಯಾಕೆ ಎಂದು ಆ ಹಿರಿಯರು ಕೇಳಿದರು. ಪಂಚೆನ್ ಎನ್ನುವ ಮಾತಿನಲ್ಲಿ ನಮ್ಮ ಪಂಡಿತ ಶಬ್ದವೇ ಅಡಗಿದೆ. ಪಂಡಿತ ಶಬ್ದಕ್ಕೆ ಟಿಬೆಟಿಯನ್ ಭಾಷೆಯ 'ಚೆನ್ಪೊ', ಅಂದರೆ ದೊಡ್ಡ ಎಂಬ ಮಾತು ಸೇರಿ ಪಂಚೆನ್. ಮಹಾಪಂಡಿತ ಎಂದರ್ಥ. ದಲೈ ಲಾಮಾ ಬಿಟ್ಟರೆ ಅವರ ಪಂಥದಲ್ಲಿ ಎರಡನೇ ಸ್ಥಾನ. ಪಂಚೆನ್ ಲಾಮಾಗಳ ಪೀಠ ಶಿಗಾತ್ಸೆ ಪಟ್ಟಣದ ತಾಶಿ ಲುನ್ಪೊ ಮಠ. 1447ರಲ್ಲಿ ಸ್ಥಾಪನೆಯಾದದ್ದು. ಅದೇ ಹೆಸರಿನ ಮಠ ನಮ್ಮ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಪ್ರವಾಸಿಗರ ಬಸ್ಸುಗಳೆಲ್ಲ ಗೋಲ್ಡನ್ ಟೆಂಪಲ್ ಕಡೆ ತಿರುಗುತ್ತವೆ. ಇದು ಅದಲ್ಲ, ಬೇರೆ. ದೇಶ ಬಿಟ್ಟು ಬಂದ ಭಿಕ್ಷುಗಳು 1972ರಲ್ಲಿ ಇಲ್ಲಿ ಮತ್ತೆ ಕಟ್ಟಿಕೊಂಡ ಮಠ. ಹೊಸ ದೊಡ್ಡ ಕಟ್ಟಡವನ್ನು 2015ರ ಡಿಸೆಂಬರಿನಲ್ಲಿ ದಲೈ ಲಾಮಾ ಅವರೇ ಬಂದು ಉದ್ಘಾಟಿಸಿದರು. ಪೀಠದ ಒಡೆಯ ಬರಬೇಕಾದವನು ಮಾತ್ರ ಫೋಟೋದಲ್ಲಿದ್ದಾನೆ.

ಗುರುಪುರದ ಕ್ಯಾಂಪೂ 1972ರದೇ. ಇಲ್ಲಿನ ಗ್ಯುಮೆ ಮಠ ಟಿಬೆಟ್ಟಿನಲ್ಲಿ 1433ರಲ್ಲಿ ಹುಟ್ಟಿದ್ದು. ಡಾಲ್‌ಹೌಸಿಯಲ್ಲಿ ಕೆಲಕಾಲ ಇದ್ದು, ಆಮೇಲೆ ಹುಣಸೂರು ಸೀಮೆಗೆ ಬಂದು ನೆಲೆ ನಿಂತಿತು. ಬೈಲಕುಪ್ಪೆಗೆ ಮೊದಲ ತಂಡ ಬಂದದ್ದು 1960ರ ಕೊನೆಯಲ್ಲಿ. ಆಗಿನ ಮೈಸೂರು ಸರ್ಕಾರ ಸುಮಾರು 3,000 ಎಕರೆ ಕಾಡುಭೂಮಿ ಕೊಟ್ಟಿತು. ಕಾಡು ಕಡಿದು, ಆನೆ ಓಡಿಸಿ ಅವರು ಬದುಕು ಕಟ್ಟಿಕೊಂಡ ಕಥೆ ನಮ್ಮ ಹಿರೀಕರಿಗೆ ಗೊತ್ತೇ ಇದೆ.

ಮೈಸೂರಿನ ಬಾಲರಾಜರು

ಚಿಕ್ಕ ಹುಡುಗನ ಚಿತ್ರ ರಾಜಕೀಯದ ವಸ್ತುವಾಗುವುದು ಮೈಸೂರಿನವರಿಗೆ ಹೊಸದೇನಲ್ಲ. ಟಿಪ್ಪು ಮಡಿದ ಮೇಲೆ 1799ರ ಜೂನ್ 30ರಂದು ಇಂಗ್ಲಿಷರು ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೆ ಕೂರಿಸಿದರು. ಆಗ ಕ್ಯಾಮೆರಾ ಇರಲಿಲ್ಲ. ತಾಮಸ್ ಹಿಕ್ಕಿ ಎಂಬ ಚಿತ್ರಕಾರ ಆ ಬಾಲರಾಜನನ್ನು ಬಣ್ಣದಲ್ಲಿ ಬರೆದ. 1868ರಲ್ಲಿ ಪಟ್ಟವಾದ ಚಾಮರಾಜ ಒಡೆಯರಿಗೂ ಐದೇ ವರ್ಷ. ಅಷ್ಟರಲ್ಲಿ ಫೋಟೋ ಬಂದಿತ್ತು. 1895ರಲ್ಲಿ ನಾಲ್ವಡಿಯವರಿಗೆ ಹತ್ತು. ಆ ಕಾಲದ ಬಾಲರಾಜರ ಚಿತ್ರಗಳಲ್ಲಿ ಮುಖಕ್ಕಿಂತ ಒಡವೆಯೇ ಹೆಚ್ಚು. ಮುತ್ತಿನ ಸರಗಳ ಭಾರಕ್ಕೆ ಪುಟ್ಟ ಭುಜ ಬಗ್ಗಿರುವುದು ಕಾಣುತ್ತದೆ. ತೆಗೆಸಿದವರ ಉದ್ದೇಶವೂ ಅದೇ: ನೋಡಿ, ರಾಜ ಇದ್ದಾನೆ, ಕ್ಷೇಮವಾಗಿದ್ದಾನೆ, ಆಡಳಿತ ಸರಿಯಾದ ಕೈಯಲ್ಲಿದೆ.

ಒಂದು ಮಾತು ಗಮನಿಸಬೇಕು. ಆ ಮೂವರೂ ಬೆಳೆದರು. ಬೆಳೆದದ್ದಕ್ಕೆ ಸಾಕ್ಷಿಯಾಗಿ ಮೀಸೆ ಬಂದ ಚಿತ್ರಗಳು ಸಾಲಾಗಿವೆ. ದಲೈ ಲಾಮಾ ಅವರದೂ ಹಾಗೆಯೇ. 1940ರಲ್ಲಿ ನಾಲ್ಕು ವರ್ಷದವರಿದ್ದಾಗ ಪೀಠಕ್ಕೆ ಬಂದರು. ಆ ಕಾಲದ ಪುಟ್ಟ ಮುಖದಿಂದ ಹಿಡಿದು ಇಂದಿನವರೆಗೆ ಫೋಟೋಗಳನ್ನು ಜೋಡಿಸಿದರೆ ಒಂದು ಆಯುಷ್ಯವೇ ಕಣ್ಣೆದುರು ಸರಿಯುತ್ತದೆ. ಗೆಧುನ್ ಚೋಕಿ ನ್ಯಿಮಾ ಅವರ ಸಾಲು ಮೊದಲ ಚಿತ್ರಕ್ಕೇ ನಿಂತಿದೆ. ಅವರು ಎಂದು ಬಹುವಚನ ಹಾಕಿದ್ದು ಬೇಕೆಂದೇ. ಫೋಟೋ ನೋಡಿ ನಾವೆಲ್ಲ "ಹುಡುಗ, ಹುಡುಗ" ಎನ್ನುತ್ತೇವೆ. ಲೆಕ್ಕ ಹಾಕಿ ನೋಡಿ, ಮೂವತ್ತೈದು ದಾಟಿದ ಗಂಡಸು.

ಇನ್ನೊಬ್ಬ ಹುಡುಗನ ವಿಷಯವೂ ಇದೆ. ಅದನ್ನು ಬಿಟ್ಟರೆ ಕಥೆ ಅರ್ಧವಾಗುತ್ತದೆ. 1995ರ ನವೆಂಬರ್ 29ರಂದು ಲ್ಹಾಸಾದ ಜೋಖಾಂಗ್ ದೇವಾಲಯದಲ್ಲಿ ಚೀನಾ ಸರ್ಕಾರ ಚಿನ್ನದ ಕಲಶ ತರಿಸಿತು. ಹದಿನೆಂಟನೇ ಶತಮಾನದ ಕೊನೆಯಲ್ಲಿ ಚೀನಾದ ಚಕ್ರವರ್ತಿ ಕೊಟ್ಟ ಪದ್ಧತಿ ಅದು. ನಮ್ಮಲ್ಲಿ ಚೀಟಿ ಎತ್ತುವುದಿಲ್ಲವೇ, ಹಾಗೆಯೇ. ಹೆಸರುಗಳನ್ನು ಕಲಶಕ್ಕೆ ಹಾಕಿ ಎತ್ತಿದಾಗ ಬಂದ ಹೆಸರು ಗ್ಯಾಲ್ಟ್ಸೆನ್ ನೋರ್ಬು. ಗೆಧುನ್ ಅವರ ಹೆಸರು ಆ ಕಲಶದೊಳಗೆ ಇರಲೇ ಇಲ್ಲ. ಮರು ತಿಂಗಳು ಶಿಗಾತ್ಸೆಯಲ್ಲಿ ನೋರ್ಬು ಅವರಿಗೆ ಪಟ್ಟವೂ ಆಯಿತು. ಅವರ ಫೋಟೋಗಳಿಗೆ ಕೊರತೆಯಿಲ್ಲ, ಬಾಲ್ಯದ್ದು, ಯೌವನದ್ದು, ಸಭೆಯಲ್ಲಿ ಕೂತದ್ದು. ಆದರೆ ಗುರುಪುರದಲ್ಲಾಗಲಿ ಬೈಲಕುಪ್ಪೆಯಲ್ಲಾಗಲಿ ಅವು ಗೋಡೆ ಹತ್ತಿಲ್ಲ.

ಶೋಧನಾ ಸಮಿತಿಯ ಮುಖ್ಯಸ್ಥರಾಗಿದ್ದವರು ಶಿಗಾತ್ಸೆ ಮಠದ ಚಾಡ್ರೆಲ್ ರಿಂಪೋಚೆ. ದಲೈ ಲಾಮಾ ಅವರ ಕಡೆಗೆ ಸುದ್ದಿ ಮುಟ್ಟಿಸಿದರೆಂಬ ಆಪಾದನೆಯ ಮೇಲೆ 1995ರಲ್ಲೇ ಅವರನ್ನು ಹಿಡಿದರು. 1997ರಲ್ಲಿ ಆರು ವರ್ಷ ಶಿಕ್ಷೆಯಾಯಿತು.

ನಕಲಿನ ನಕಲು

ಈಗ ಫೋಟೋಗೇ ಮರಳೋಣ. ಅಂಗಡಿಯಿಂದ ಅಂಗಡಿಗೆ ಅದು ಒಂದೇ ಥರ ಕಾಣುವುದಿಲ್ಲ ಎಂದು ಆ ಹಿರಿಯರು ಹೇಳಿದ್ದು ಸರಿಯಾದ ಮಾತು. ಒಂದು ಕಡೆ ಮುಖ ತೀರ ಬೆಳ್ಳಗೆ, ಇನ್ನೊಂದು ಕಡೆ ಕೆಂಪು ಹೆಚ್ಚು, ಮತ್ತೊಂದು ಕಡೆ ಕಣ್ಣಿನ ಸುತ್ತ ಕಪ್ಪು ಕಲೆಸಿದಂತೆ. ನೆಗೆಟಿವ್ ಕೈಯಲ್ಲಿಲ್ಲದೆ ಪ್ರಿಂಟನ್ನೇ ಮತ್ತೆ ಫೋಟೋ ಹಿಡಿದು, ಆ ಪ್ರಿಂಟನ್ನು ಮತ್ತೆ ಹಿಡಿದು, ಪೋಸ್ಟರಿಗೆ, ಕ್ಯಾಲೆಂಡರಿಗೆ, ಬ್ಯಾಡ್ಜಿಗೆ ಅಚ್ಚು ಹಾಕುತ್ತ ಹೋದರೆ ಹೀಗೇ ಆಗುವುದು. ಪ್ರತಿ ನಕಲಿನಲ್ಲೂ ಬೆಳಕಿನ ಜಾಗ ಇನ್ನಷ್ಟು ಬೆಳ್ಳಗಾಗುತ್ತದೆ, ನೆರಳಿನ ಜಾಗ ಇನ್ನಷ್ಟು ಕಪ್ಪಾಗುತ್ತದೆ. ನಡುವಿನ ಛಾಯೆಗಳು ಸೋರಿಹೋಗುತ್ತವೆ. ಮುಖದ ಭಾವ ಎಂದು ನಾವು ಹೇಳುವುದು ಇರುವುದೇ ಆ ನಡುವಿನ ಛಾಯೆಗಳಲ್ಲಿ. ಜೆರಾಕ್ಸ್ ಅಂಗಡಿಯವರನ್ನು ಕೇಳಿ, ನಕಲಿನ ನಕಲು ತೆಗೆದರೆ ಸಹಿಯ ಗತಿ ಏನಾಗುತ್ತದೆಂದು ಹೇಳುತ್ತಾರೆ. ಆದ್ದರಿಂದ ಈ ಫೋಟೋದಲ್ಲಿ ಹುಡುಗ ದುಃಖದಲ್ಲಿದ್ದಾನೆ, ಮುಂದಾಗುವುದು ಅವನಿಗೆ ಗೊತ್ತಿತ್ತು ಎಂದೆಲ್ಲ ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ. ಕ್ಯಾಮೆರಾ ಮುಂದೆ ನಿಲ್ಲಿಸಿದರೆ ನಮ್ಮ ಮಕ್ಕಳೂ ಹಾಗೇ ಮುಖ ಬಿಗಿದುಕೊಳ್ಳುತ್ತವೆ. ದುಃಖ ನೋಡುವವರದು.

2019ರಲ್ಲಿ ಗೆಧುನ್ ಅವರಿಗೆ ಮೂವತ್ತು ತುಂಬುವ ಹೊತ್ತಿಗೆ ಟಿಬೆಟ್ ಪರ ಸಂಘಟನೆಗಳು ಒಬ್ಬ ಫೊರೆನ್ಸಿಕ್ ಚಿತ್ರಕಾರರಿಂದ ಹೊಸ ಚಿತ್ರವೊಂದನ್ನು ಮಾಡಿಸಿದವು. ಈಗ ಹೇಗಿರಬಹುದು ಎಂಬ ಅಂದಾಜಿನ ಚಿತ್ರ. ಕಾಣೆಯಾದ ಮಕ್ಕಳನ್ನು ವರ್ಷಗಟ್ಟಲೆ ಆದಮೇಲೂ ಹುಡುಕುವಾಗ ಪೊಲೀಸರು ಬಳಸುವ ವಿದ್ಯೆ ಇದು. ಮಗು ಬೆಳೆದಂತೆ ಮುಖದ ಕೆಳಭಾಗ ಹೆಚ್ಚು ಬದಲಾಗುತ್ತದೆ, ದವಡೆ ಇಳಿಯುತ್ತದೆ, ಮೂಗು ಉದ್ದವಾಗುತ್ತದೆ. ಕಣ್ಣಿನ ಆಕಾರ, ಹುಬ್ಬಿನ ಓಟ ಅಷ್ಟು ಬದಲಾಗುವುದಿಲ್ಲ. ಸಾಮಾನ್ಯವಾಗಿ ತಂದೆ ತಾಯಿ, ಅಣ್ಣ ತಮ್ಮಂದಿರ ಅದೇ ವಯಸ್ಸಿನ ಫೋಟೋ ಸಿಕ್ಕಿದರೆ ಪಕ್ಕದಲ್ಲಿಟ್ಟುಕೊಂಡು ಬರೆಯುತ್ತಾರೆ. ಎಷ್ಟೇ ಮಾಡಿದರೂ ಅದು ಊಹೆ. ಈಗಂತೂ ಮೊಬೈಲಿನಲ್ಲಿ ಯಾರ ಮುಖಕ್ಕೆ ಬೇಕಾದರೂ ವಯಸ್ಸು ಹಚ್ಚಬಹುದು. ಆದ್ದರಿಂದ ವಾಟ್ಸಾಪಿನಲ್ಲಿ ಯಾರಾದರೂ "ಇದೇ ನೋಡಿ ಈಗಿನ ಫೋಟೋ" ಎಂದು ಕಳುಹಿಸಿದರೆ ನಂಬಬೇಡಿ. ಹೊರಗಿನವರು ಪರೀಕ್ಷಿಸಿ ಹೌದೆಂದು ಹೇಳಿದ ದೊಡ್ಡವರಾದ ಮೇಲಿನ ಫೋಟೋ ಒಂದೂ ಬಂದಿಲ್ಲ.

ಚೀನಾ ಸರ್ಕಾರ ಏನನ್ನುತ್ತದೆ? 1996ರಲ್ಲಿ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಸಮಿತಿ ಕೇಳಿದಾಗ, ತಂದೆ ತಾಯಿಯ ಕೋರಿಕೆಯ ಮೇರೆಗೆ ಹುಡುಗನನ್ನು ಸರ್ಕಾರದ ರಕ್ಷಣೆಯಲ್ಲಿ ಇಟ್ಟಿದ್ದೇವೆ ಎಂದಿತು. 2020ರ ಮೇ ತಿಂಗಳಲ್ಲಿ ವಿದೇಶಾಂಗ ಇಲಾಖೆಯ ವಕ್ತಾರರು ಮತ್ತೆ ಹೇಳಿದ್ದು: ಓದಿದ್ದಾರೆ, ಕಾಲೇಜು ಪ್ರವೇಶ ಪರೀಕ್ಷೆ ಪಾಸು ಮಾಡಿದ್ದಾರೆ, ಈಗ ಕೆಲಸದಲ್ಲಿದ್ದಾರೆ, ಅವರಾಗಲಿ ಮನೆಯವರಾಗಲಿ ತಮಗೆ ತೊಂದರೆ ಕೊಡುವುದನ್ನು ಬಯಸುವುದಿಲ್ಲ.

ಒಳ್ಳೆಯದು. ಬದುಕಿದ್ದಾರೆ, ಚೆನ್ನಾಗಿದ್ದಾರೆ ಎಂದರೆ ಬೇಡ ಎನ್ನುವವರು ಯಾರು? ಆದರೆ ಸ್ವಾಮಿ, ನಮ್ಮ ಕಾಲೇಜು ಹುಡುಗರಿಗೆ ಬಸ್ ಪಾಸು ಬೇಕಾದರೂ ಫೋಟೋ ಕೊಡಬೇಕು. ಪರೀಕ್ಷೆಗೆ ಕೂತವರಿಗೆ ಹಾಲ್ ಟಿಕೇಟಿರುತ್ತದೆ, ಕೆಲಸಕ್ಕೆ ಹೋಗುವವರಿಗೆ ಗುರುತಿನ ಚೀಟಿ ಇರುತ್ತದೆ. ಒಂದು ಪಾಸ್‌ಪೋರ್ಟ್ ಸೈಜಿನ ಫೋಟೋ ತೋರಿಸಿಬಿಟ್ಟರೆ ಇಷ್ಟು ವರ್ಷದ ಮಾತು ಅಲ್ಲಿಗೇ ತೀರುತ್ತಿತ್ತಲ್ಲ. ಬದಲಿಗೆ ಟಿಬೆಟ್ಟಿನೊಳಗೆ ಆ ಹಳೇ ಮಗುವಿನ ಫೋಟೋ ಇಟ್ಟುಕೊಳ್ಳುವುದಕ್ಕೇ ನಿರ್ಬಂಧ ಎಂದು ವರದಿಗಳು ಹೇಳುತ್ತವೆ. ಆರು ವರ್ಷದ ಮಗುವಿನ ಚಿತ್ರವನ್ನು ಗುರುಪುರದಲ್ಲಿ ರಸ್ತೆಗೆ ಕಾಣುವಂತೆ ನೇತುಹಾಕಬಹುದು, ಆ ಮಗು ಹುಟ್ಟಿದ ಊರಿನಲ್ಲಿ ಬಚ್ಚಿಡಬೇಕು!

ಕ್ಯಾಂಪಿನವರಿಗೆ ಇದು ಬರೀ ಭಕ್ತಿಯ ಮಾತಲ್ಲ. ದಲೈ ಲಾಮಾ ಅವರ ನಂತರ ಮುಂದಿನವರನ್ನು ಗುರುತಿಸುವಾಗ ಪಂಚೆನ್ ಲಾಮಾಗಳ ಮಾತಿಗೆ ತೂಕ ಇರುವುದು ಹಿಂದಿನಿಂದ ನಡೆದುಬಂದದ್ದು. ದಲೈ ಲಾಮಾ ಅವರು 2025ರ ಜುಲೈ 2ರಂದು ತಮ್ಮ ಪೀಠ ಮುಂದುವರಿಯುತ್ತದೆ, ಮುಂದಿನವರನ್ನು ಗುರುತಿಸುವ ಹೊಣೆ ತಮ್ಮ ಗಾದೆನ್ ಫೋಡ್ರಾಂಗ್ ಟ್ರಸ್ಟಿನದು ಎಂದರು. ಚೀನಾ ಅದನ್ನು ಒಪ್ಪಿಲ್ಲ, ತನ್ನ ಅನುಮತಿ ಬೇಕು, ಕಲಶದ ಪದ್ಧತಿಯೇ ನಡೆಯಬೇಕು ಎನ್ನುತ್ತದೆ. ನಾಳೆ ಇನ್ನೊಂದು ಮಗುವಿನ ಹೆಸರು ಹೊರಬಿದ್ದರೆ ಆ ಮಗುವಿನ ಗತಿ ಏನು ಎಂಬ ಅಂಜಿಕೆಯೂ ಈ ಫೋಟೋ ನೋಡುವವರ ಮನಸ್ಸಿನಲ್ಲಿದ್ದರೆ ತಪ್ಪೆನ್ನುವಂತಿಲ್ಲ.

ಪ್ರತಿ ಏಪ್ರಿಲ್ 25 ಬಂದಾಗ ಬೈಲಕುಪ್ಪೆಯ ತಾಶಿ ಲುನ್ಪೊ ಮಠದಲ್ಲಿ ಈ ಫೋಟೋವನ್ನು ಎತ್ತರದಲ್ಲಿಟ್ಟು ಹುಟ್ಟುಹಬ್ಬ ಮಾಡುತ್ತಾರೆ, ಪ್ರಾರ್ಥನೆ ನಡೆಯುತ್ತದೆ. ಹುಟ್ಟುಹಬ್ಬ, ತಿಥಿಯಲ್ಲ. ಆ ದಿನ ಅಂಗಡಿಯಲ್ಲಿ ಹೊಸ ಖಾತಾ ಕಂಡರೆ ಕಾರಣ ಇಷ್ಟೇ.

ಬಸ್ಸಿನಲ್ಲಿ ಇದರಲ್ಲಿ ಅರ್ಧ ಹೇಳುವ ಹೊತ್ತಿಗೆ ಹುಣಸೂರು ಬಂದಿತ್ತು. ಹಿರಿಯರು ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದರು.

"ಎಂಬತ್ತೊಂಬತ್ತು ಅಂದ್ರಾ ಸ್ವಾಮಿ? ಹಂಗಾದ್ರೆ ನಮ್ಮ ಎರಡನೇ ಮಗನ ವಾರಿಗೆ. ಅವನಿಗೆ ಆಗಲೇ ಇಬ್ಬರು ಮಕ್ಕಳು."

ಎರಡೂ ಚೀಲ ಎತ್ತಿಕೊಂಡು, ಕಂಡಕ್ಟರಿಂದ ಬರಬೇಕಾಗಿದ್ದ ಚಿಲ್ಲರೆ ಕೇಳಿ ಇಸಿದುಕೊಂಡು ಇಳಿದರು.